ಪೊರಕೆಯ ಹಿಡಿ

ದೀಪಗಳು ನಾಲ್ಕು. ಒಂದೊಂದೂ ಒಂಬತ್ತು ಕಿಲೋ.
ಮುಚ್ಚಿಹೋದ ಸೌತೆಕಾಯಿಯ ಗಾಜುಮನೆಯಿಂದ
ಹಿಲ್ಡಿಂಗ್ ಅರ್ಧ ಬೆಲೆಗೆ ಹೊತ್ತು ತಂದ,
ಮಂಚದ ಮೇಲೆ ಸಾಲಾಗಿ ಮಲಗಿಸಿದ
ಕೂಸುಗಳ ಹಾಗೆ. ಆ ರಾತ್ರಿ ನನಗೆ ಸೋಫಾ.

ನವೆಂಬರ್ ಕೊನೆ. ಸ್ವೀಡನ್ನಿನ ನೆತ್ತಿಯ ಮೇಲಿನ ಈ ಗಣಿಯೂರಿಗೆ
ಸೂರ್ಯ ಬರುವುದು ಸಾಲ ಕೇಳಲು ಬಂದ ನೆಂಟನ ಹಾಗೆ,
ಹೊಸ್ತಿಲಲ್ಲೇ ನಿಂತು ಮುಖ ತೋರಿಸಿ ಹೋಗುವುದಕ್ಕೆ.
ಡಿಸೆಂಬರಿಗೆ ಅದೂ ಇಲ್ಲ.
ಕಿಟಕಿಯ ಬಳಿ ನನ್ನ ನಿಂಬೆಗಿಡ:
ಆಸ್ಪತ್ರೆಯ ಚಹಾ ಲೋಟದಿಂದ ಕದ್ದು ತಂದ ಬೀಜ,
ಈಗ ಏಳು ವರ್ಷ, ನನ್ನ ಭುಜದೆತ್ತರ,
ದಿನಕ್ಕೆ ಮೂರು ಎಲೆ ಉದುರಿಸುತ್ತಿತ್ತು.
ನಾನು ದಿನಾ ಎಣಿಸಿ ಹೇಳುತ್ತಿದ್ದೆ, ಅವನು ಪೇಪರು ಓದುತ್ತಿದ್ದ.
ಕೇಳಿಸಿಕೊಳ್ಳುತ್ತಿದ್ದ ಅಂತ ಗೊತ್ತಾದದ್ದು
ದೀಪ ಬಂದ ದಿನ.

ಆದರೆ ಛಾವಣಿ?
ಅವನಜ್ಜ ಹೊಡೆದ ಹಲಗೆ,
ಹಲಗೆಯ ಮೇಲೆ ಮೊಣಕಾಲುದ್ದ ಮರದ ಹೊಟ್ಟು,
ಕೆಳಗೆ ಬಿಳಿ ಬಳಿದ ರಟ್ಟು,
ರಟ್ಟಿನಲ್ಲಿ ಒಂದು ಕಲೆ, ವರ್ಷಕ್ಕಿಷ್ಟು ಬೆಳೆಯುವಂಥದ್ದು.
ಹಿಲ್ಡಿಂಗ್ ಪೊರಕೆ ತಲೆಕೆಳಗು ಮಾಡಿದ.

ಮೂವತ್ತೊಂದು ವರ್ಷ ಅವನ ಕೆಲಸ ಅದೇ.
ನೆಲದಡಿ ಎಂಟುನೂರು ಮೀಟರಿನಲ್ಲಿ
ಕಬ್ಬಿಣದ ಕೋಲಿಂದ ಬಂಡೆಯ ಹೊಟ್ಟೆಗೆ ತಟ್ಟಿ
ಕಿವಿಗೊಟ್ಟು ನಿಲ್ಲುವುದು.
ಗಟ್ಟಿಯಿದ್ದರೆ ಕಂಚಿನ ಸದ್ದು.
ಬಿಟ್ಟುಕೊಂಡಿದ್ದರೆ ಒಡೆದ ಮಡಕೆಯದು.
ಒಡಕು ಕೇಳಿದಲ್ಲಿ ಆಳುದ್ದದ ಬೋಲ್ಟು ಹೊಡೆದು
ಬೆಟ್ಟವನ್ನು ಬೆಟ್ಟಕ್ಕೇ ಹೊಲಿದು
ಅದರಡಿಯಲ್ಲೇ ಊಟದ ಡಬ್ಬಿ ಬಿಚ್ಚುವುದು.

ಈಗ ಮಲಗುವ ಕೋಣೆಯನ್ನು ಮೂಲೆಯಿಂದ ಮೂಲೆಗೆ ತಟ್ಟಿದ.
ಡಬ್. ಡಬ್. ಡಬ್.
ಎಲ್ಲೂ ಕಂಚಿಲ್ಲ.
"ಗುನ್‌ವೋರ್," ಅಂದ, "ನಲವತ್ತು ವರ್ಷ
ನಾವು ಒಣರೊಟ್ಟಿಯ ಕೆಳಗೆ ಮಲಗಿದ್ದೆವು."

ದಾರಕ್ಕೆ ಅಯಸ್ಕಾಂತ ಕಟ್ಟಿ ಮೊಳೆ ಹುಡುಕಿದ,
ಮೊಳೆಯ ಜಾಡಿನಲ್ಲಿ ತೊಲೆ.
ಕೊಕ್ಕೆ ತಿರುಗಿಸಿದ. ತೂತಿನಿಂದ ಹೊಟ್ಟು
ಹಿಟ್ಟಿನ ಹಾಗೆ ಸುರಿಯಿತು ಅವನ ಹುಬ್ಬಿನ ಮೇಲೆ.
ಸುಮ್ಮನೆ ಎಳೆದು ನೋಡಿದ:
ಹಾಲುಹಲ್ಲಿನ ಹಾಗೆ ಕಿತ್ತು ಬಂತು,
ಬೇರಿನ ಜೊತೆ ತೊಲೆಯ ಒಂದು ಚೂರು.

ತಂಗಿಯ ಮಗ ಆಲ್ಬಿನ್ ಬಂದ, ಕೈಯಲ್ಲಿ ಸರಪಳಿ.
"ಎಂಟು ಕಡೆ ಹಂಚಿದರೆ ಆಯ್ತು ಮಾಮ,
ಮೂವತ್ತಾರು ಕಿಲೋ ಏನು ಮಹಾ."
ಹಿಲ್ಡಿಂಗ್ ಹುಬ್ಬು ಒರೆಸಿಕೊಂಡ.
"ಏನು ಮಹಾ ಅಂದವನನ್ನ
ನಾನು ಹೆಗಲ ಮೇಲೆ ಹೊತ್ತು ತಂದಿದ್ದೇನೆ.
ಎನ್ಸಿಯೊ ಅಂತ. ನಿನ್ನಷ್ಟೇ ವಯಸ್ಸು."
ನಾನು ಕಾಫಿಗೆ ಎದ್ದೆ. ಆಲ್ಬಿನ್ ಸರಪಳಿಯನ್ನು
ಸದ್ದಾಗದಂತೆ ಚೀಲಕ್ಕೆ ಇಳಿಸಿದ.

ರಾತ್ರಿ ಒಂದೂವರೆಗೆ ಗಣಿ ಕೆಮ್ಮುತ್ತದೆ, ದಿನಾ.
ಬೀರುವಿನ ಗಾಜು ಲೋಟಗಳು ಒಂದಕ್ಕೊಂದು ಏನೋ ಹೇಳುತ್ತವೆ.
ನಮ್ಮ ಬೀದಿಯ ಅಡಿ ಟೊಳ್ಳಾಗುತ್ತಿದೆ ಅಂತ ಕಂಪನಿಯ ಕಾಗದ:
ಮನೆ ಎತ್ತಬೇಕಾಗಬಹುದು, ಎತ್ತದೆಯೂ ಇರಬಹುದು,
ಅಡ್ಡಗೋಡೆಯ ಮೇಲೆ ಇಟ್ಟ ದೀಪ.
ಅದನ್ನು ತೂಗುಹಾಕಲು ಯಾವ ತೊಲೆಯೂ ಬೇಡ.

ಭಾನುವಾರ ಅವನು ಮೇಲೆ ನೋಡುವುದು ಬಿಟ್ಟ.
ಸಾರುವೆಯ ಕೊಳವೆ ತಂದು
ನೆಲದಿಂದ ನಾಲ್ಕು ಕಾಲು ಎಬ್ಬಿಸಿದ,
ಕಾಲ ಕೆಳಗೆ ಹಲಗೆ, ಮೇಲೆ ಅಡ್ಡಪಟ್ಟಿ,
ಛಾವಣಿಗೂ ಅದಕ್ಕೂ ನಡುವೆ ಒಂದು ಗೇಣು.
"ಹಳೆಯ ಕಾಲದಲ್ಲಿ ಮರ ಊರುತ್ತಿದ್ದದ್ದು ಹೀಗೇ,
ಮೇಲಿನದನ್ನ ಏನೂ ಕೇಳಬಾರದು."
ಮಂಚ ಅಡುಗೆಮನೆಗೆ ಬಂತು.
ದೀಪಗಳು ಏರಿದವು, ಒಂದು, ಎರಡು,
ಮೂರನೆಯದಕ್ಕೆ ಅವನ ಸೊಂಟ ಹಿಡಿಯಿತು,
ನಾಲ್ಕನೆಯದನ್ನು ನಾನು ಎತ್ತಿದೆ.

"ನೆಲ ಗಟ್ಟಿಯಿದೆಯಾ?" ಅಂದೆ.
ಪೊರಕೆ ಕೈಗೆತ್ತಿಕೊಂಡ.
ಹಿಡಿ ಕೆಳಮುಖ ಮಾಡಿದ.
ನೆಲಕ್ಕೆ ಒಂದು ಬೆರಳಿರುವಾಗ ತಡೆದ,
ನನ್ನ ಮುಖ ನೋಡಿದ,
ಪೊರಕೆಯನ್ನು ಬಾಗಿಲ ಹಿಂದೆ ಒರಗಿಸಿ
ಸ್ವಿಚ್ಚು ಒತ್ತಿದ.

ಕಿತ್ತಳೆ ಬೆಳಕು. ಹಿಮ ತಳ್ಳುವ ಗಾಡಿಯವನು
ಬೀದಿಯಲ್ಲಿ ನಿಧಾನಿಸಿ ನೋಡಿ ಹೋದ.
ಬೆಳಿಗ್ಗೆ ನಿಂಬೆಯ ಮೇಲೆಲ್ಲ ಸಣ್ಣ ಹೊಟ್ಟು,
ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸಿದೆ.

ಉದುರಿದ್ದು ಒಂದು.
ಅಡುಗೆಮನೆಗೆ ಕೇಳುವಂತೆ ಕೂಗಿ ಹೇಳಿದೆ.