ಉಪ್ಪಿನ ಆತ್ಮ

ಜೊಂಗುಲ್ದಾಕಿನಲ್ಲಿ ಒಗೆದ ಬಟ್ಟೆ
ಹಗ್ಗದ ಮೇಲೇ ಮತ್ತೆ ಮಾಸುತ್ತದೆ.
ಕಲ್ಲಿದ್ದಲ ಮಸಿಗೆ ಬಾಗಿಲು ತಟ್ಟುವ ರೂಢಿಯಿಲ್ಲ.
ಹಾಗಾಗಿ ಬಿಳುಪೆಂದರೆ ನಮ್ಮ ಓಣಿಗೆ ಒಂದು ಹಠ,
ನೆರೆಯವರ ಕಣ್ಣೆದುರು ನೇತುಹಾಕುವ ಮರ್ಯಾದೆ.
ಅಂಗಡಿಯಲ್ಲಿ ಅದು ಲೀಟರಿನ ಲೆಕ್ಕದಲ್ಲಿ ಸಿಗುತ್ತದೆ,
ನೀಲಿ ಮುಚ್ಚಳದ ಚಮಾಶಿರ್ ಸುಯು, ಬಟ್ಟೆಯ ನೀರು.
ಅದರ ಪಕ್ಕದಲ್ಲೇ ಟುಜ್ ರುಹು:
ಉಪ್ಪಿನ ಆತ್ಮ.
ಹೆಸರು ಕೇಳಿದರೆ ಯಾವುದೋ ಸಂತನ ಗೋರಿಯ ತೀರ್ಥ ಅನ್ನಬೇಕು.
ಬರಿಯ ಆಸಿಡ್.
ಕಕ್ಕಸಿನ ಹಳದಿ ಕಲೆಗೆ.

ನನ್ನಮ್ಮ ಗುಲಿಜಾರ್, ಮೂವತ್ತು ವರ್ಷ
ಪರರ ಮೆಟ್ಟಿಲು ತೊಳೆದವಳು,
ಅವಳಿಗೆ ಬಾಟಲಿಯ ಚೀಟಿ ಯಾರು ಓದಿ ಹೇಳಬೇಕು?
ಅಂದು ನನ್ನನ್ನು ಕೇಳಲು ಗಂಡಿನ ಕಡೆಯವರು ಬರುವವರಿದ್ದರು.
ಬಚ್ಚಲಿಗೆ ಕಿಟಕಿಯಿಲ್ಲ.
ವಾಸನೆ ಹೊರಗೆ ಬರಬಾರದೆಂದು ಬಾಗಿಲೂ ಹಾಕಿಕೊಂಡಳು.
ಒಂದು ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು,
ಇದು ಅವಸರದ ಗಣಿತ.
ಮಂಡಿಯೂರಿ, ಒಂದರ ಮೇಲೊಂದು ಸುರಿದಳು.

ಕಾದ ಬಾಣಲೆಗೆ ನೀರು ಬಿದ್ದ ಸದ್ದು.
ಆಮೇಲೆ ಕೆಮ್ಮು.

ಅಪ್ಪ, ಸತಿಲ್ಮಿಷ್, ಎದೆಯಲ್ಲಿ ಅರ್ಧ ಗಣಿ ಇಟ್ಟುಕೊಂಡೇ
ನಿವೃತ್ತನಾದವನು. ಅವನಿಗೆ ಕೆಮ್ಮಿನ ಜಾತಿಗಳೆಲ್ಲ ಗೊತ್ತು.
ಇದು ದೂಳಿನದಲ್ಲ ಅಂದವನೇ ಎದ್ದ,
ಹತ್ತು ಹೆಜ್ಜೆಗೆ ಎರಡು ಸಲ ಕೂರುವ ಮನುಷ್ಯ
ಬಾಗಿಲು ಒದ್ದ.
“ಏಳು! ಬಗ್ಗಬೇಡ, ಎದ್ದು ನಿಲ್ಲು!
ಗ್ರಿಜು ಸೂರು ಹಿಡಿಯುತ್ತದೆ,
ಇದು ನೆಲ ಹಿಡಿಯುವ ಗಾಳಿ!”

ಮೊಗಸಾಲೆಗೆ ಎಳೆದು ತಂದ ಮೇಲೂ ಅಮ್ಮನಿಗೆ
ತೆರೆದ ಬಾಟಲಿಯದೇ ಚಿಂತೆ, ಚೆಲ್ಲಿ ಹೋದೀತು ಎಂದು.
“ಮುಚ್ಚಳ ಹಾಕಲು ಹೋಗಿ ಯಾರೂ ಸಾಯಬಾರದು,” ಅಂದ.
ಅವನು ಹೇಳಿದ ಒಂದೇ ಒಂದು ಗಾದೆ ಅದು,
ಇನ್ನೂ ಯಾವ ಪುಸ್ತಕಕ್ಕೂ ಸೇರಿಲ್ಲ.

ಆಸ್ಪತ್ರೆಯ ಹುಡುಗಿ ಡಾಕ್ಟರು ಬಿಡಲೊಲ್ಲಳು.
ಈಗ ಸರಿಯಿದೆ ಎಂಬ ಮಾತನ್ನು
ಪುಪ್ಪುಸ ನಡುರಾತ್ರಿ ತಿದ್ದಬಹುದಂತೆ.
ಹಾಗಾಗಿ ಗಂಡಿನ ಕಡೆಯವರು ಚಾಕೊಲೇಟ್ ಪೆಟ್ಟಿಗೆ ಹಿಡಿದು
ವಾರ್ಡಿಗೇ ಬಂದರು.
ಮೂಗಿಗೆ ನಳಿಕೆ ಹಾಕಿಕೊಂಡ ಅಮ್ಮ ತಲೆಯಾಡಿಸಿದಳು.
ಒಪ್ಪಿಗೆಯೋ, ಕೆಮ್ಮೋ,
ಇವತ್ತಿಗೂ ನನ್ನ ಗಂಡನಿಗೆ ಅನುಮಾನ.

ಈಗ ನನ್ನ ಮನೆಗೆ ಬಂದರೆ ಮೊದಲು ಸಿಂಕಿನ ಕೆಳಗೆ ಇಣುಕುತ್ತಾಳೆ.
ತಣ್ಣೀರಲ್ಲೇ ಬೆರೆಸು, ಬಿಸಿನೀರು ಅದರ ಸಿಟ್ಟೆಬ್ಬಿಸುತ್ತದೆ.
ಕಿಟಕಿ ತೆಗೆ. ಕೈಗೆ ಗವಸು.
ವಿನೆಗರ್ ಕೂಡ ಹತ್ತಿರ ತರಬೇಡ, ಅದೂ ಉಪ್ಪಿನ ಆತ್ಮದ ದಾಯಾದಿ.
ಒಮ್ಮೆ, ಮಿಕ್ಕ ಬಟ್ಟೆಯ ನೀರನ್ನು ನಾನು
ಅಯ್ರಾನಿನ ಖಾಲಿ ಬಾಟಲಿಗೆ ಹುಯ್ದಿಟ್ಟಿದ್ದೆ.
ಅಮ್ಮ ಏನೂ ಅನ್ನಲಿಲ್ಲ.
ಆಡುತ್ತಿದ್ದ ನನ್ನ ಮಗನ ಎತ್ತರವನ್ನೂ
ಕಪಾಟಿನ ಎತ್ತರವನ್ನೂ ಗೇಣಿನಲ್ಲಿ ಅಳೆದು ತೋರಿಸಿದಳು.
ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು
ಎರಡು ವರ್ಷದ ಬಾಯಿಗೆ ಯಾರು ಹೇಳುತ್ತಾರೆ?
ಕುಡಿದೇಬಿಟ್ಟರೆ ವಾಂತಿ ಮಾಡಿಸಬೇಡ, ಅಂದಳು ಕಡೆಗೆ.
ಸುಡುತ್ತಾ ಇಳಿದದ್ದು ಸುಡುತ್ತಲೇ ಏರುತ್ತದೆ.
ಬಾಯಿ ತೊಳೆ, ಫೋನು ಮಾಡು, ಬಾಟಲಿ ಜೊತೆಗೊಯ್ಯಿ.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಉಪ್ಪಿನ ಆತ್ಮವನ್ನೇ ಉಸಿರಾಡಿದವಳು
ಇಂದಿಗೂ ಮಹಡಿಗೊಮ್ಮೆ ನಿಂತು ಗಾಳಿ ಕುಡಿಯುತ್ತಾಳೆ.
ಉದ್ದ ಕೋಲಿನ ಬ್ರಶ್ಶು ಹಿಡಿದು, ನಿಂತೇ ತೊಳೆಯುತ್ತಾಳೆ.
ಹಗ್ಗದ ಮೇಲೆ ಅಪ್ಪನ ಅಂಗಿಯೊಂದು
ಬೂದಿ ಬಣ್ಣದಲ್ಲೇ ಉಳಿದಿದೆ.
ನೆರೆಯವರು ನೋಡುತ್ತಾರೆ.
ನೋಡಲಿ.