ಹದಿನೇಳನೇ ಕಂಬ

ರಾತ್ರಿ ಎರಡೂಕಾಲು. ಪರದೆಯಲ್ಲಿ
ಹದಿನೇಳನೇ ಕಂಬದ ದಿಕ್ಕು: ಸೊನ್ನೆ.
ಅಂದರೆ, ಗಾಳಿ ನೇರ ಮುಖಕ್ಕೇ.
ಟೀ ಕುಡಿದು ಬಂದೆ. ಸೊನ್ನೆ.
ಸಂಜೆಯಿಂದಲೂ ಸೊನ್ನೆ.

ಅಲಾರಾಂ ಇಲ್ಲ, ಕೆಂಪಿಲ್ಲ, ಎಲ್ಲ ಮಿತಿಯೊಳಗೆ.
ಇಷ್ಟು ಸಂಭಾವಿತ ಅಂಕಿಯನ್ನು
ನಾನು ನಂಬಲಾರೆ.

ದೊಡ್ಡತ್ತೆ ಸಣ್ಣೀರಮ್ಮ ರಾಗಿ ತೂರುವಾಗ
ಮೊರ ಎತ್ತಿ ನಿಂತೇ ಇರುತ್ತಿದ್ದಳು;
ಬಂತು ಅನ್ನುವಷ್ಟರಲ್ಲಿ ಗಾಳಿ ಹೊರಳಿ
ಹೊಟ್ಟೆಲ್ಲ ನನ್ನ ಕಣ್ಣಿಗೆ.
‘ದಿಟದ ಗಾಳಿ ಅಲ್ಲಾಡ್ತದೆ ಕಣೇ’ ಅಂತ
ಸೆರಗು ಮುದುರಿ, ಬಿಸಿಯುಸಿರು ಊದಿ
ಕಣ್ಣಿಗೆ ಒತ್ತುತ್ತಿದ್ದಳು.

ಕಿಟಕಿಗೆ ಬಂದೆ. ಬೆಳ್ದಿಂಗಳು.
ಹದಿನಾರು, ಹದಿನೆಂಟು ಆಗಲೇ ಮೂಡಲಿಗೆ ತಿರುಗಿವೆ.
ನಡುವೆ ಇದೊಂದು
ಹುಳಿಯಾರಿನ ಕಡೆ ಮುಖ ಹಾಕಿ
ಹೋದ ಗಾಳಿಯನ್ನೇ ಕಾಯುತ್ತಿದೆ.

ನಿಲ್ಲಿಸಿದೆ.

ಬೆಳಿಗ್ಗೆ ಮೂಡ್ಲಗಿರಿ ಹತ್ತಿದ,
ಎಂಬತ್ತು ಮೀಟರೂ ಬೈದುಕೊಂಡೇ.
ವಾಕಿಟಾಕಿಯಲ್ಲಿ ಏದುಸಿರು, ಆಮೇಲೆ ನಗು:
‘ಮೇಡಂ, ದಿಕ್ಕು ತೋರ್ಸೋ ಬಾಲದ ಬುಡಕ್ಕೆ
ಕುಂಬಾರ ಹುಳ ಮನೆ ಕಟ್ಟೈತೆ.
ಹಸಿಮಣ್ಣು. ಒಳಗೆ ಮರಿ ಐತೆ.
ಕೀಳ್ಲಾ?’

ವರದಿಯಲ್ಲಿ
ಕಾರಣದ ಖಾನೆ ಇನ್ನೂ ಖಾಲಿ.