ಮಸಿ, ಮಸೆ

ಪಾಯ್ಸಾಂದುವಿನ ಕಸಾಯಿಖಾನೆಯಲ್ಲಿ ನನ್ನ ಕೆಲಸ ಮುದ್ರೆ ಒತ್ತುವುದು.
ಕೊಕ್ಕೆಗೆ ತೂಗಿ ಬರುವ ಪ್ರತಿ ಅರೆಹೋಳಿನ
ತೊಡೆಗೊಂದು, ಪಕ್ಕೆಗೊಂದು, ಭುಜಕ್ಕೊಂದು.
ನೇರಳೆ ಮಸಿ, ಮೊಟ್ಟೆಯಾಕಾರ, ಒಳಗೊಂದು ಸಂಖ್ಯೆ:
ತಿನ್ನಬಹುದು ಎಂದು ಅದರ ಅರ್ಥ.
ಬೆಳಗಿನ ನಾಲ್ಕೂವರೆಯಿಂದ ಮಧ್ಯಾಹ್ನ ಒಂದರವರೆಗೆ
ಸಾವಿರದ ಇನ್ನೂರು ಸಲ.
ಎಣಿಸಿದ್ದೇನೆ, ಒಮ್ಮೆ ಮಾತ್ರ. ಇನ್ನೊಮ್ಮೆ ಎಣಿಸಬಾರದು.

ಸಂಜೆ ಅಡುಗೆಮನೆಯ ಮೇಜಿಗೆ
ಅದೇ ಮಣಿಕಟ್ಟು ಇನ್ನೊಂದು ಕೆಲಸಕ್ಕೆ ಬಂದು ಕೂರುತ್ತದೆ.
ಚಳಿಗಾಲದಲ್ಲಿ ಲಿನೋಲಿಯಂ ಹಟಮಾರಿ;
ಇಸ್ತ್ರಿಪೆಟ್ಟಿಗೆ ತಾಗಿಸಿ ಪುಸಲಾಯಿಸಬೇಕು,
ಆಮೇಲೆ ಉಳಿಯ ಮುಂದೆ ಬೆಣ್ಣೆ.
ಪ್ರೆಸ್ ಇಲ್ಲ. ದುಡ್ಡು ಕೂಡಿದರೂ ಇಡಲು ಜಾಗವಿಲ್ಲ.
ಅಜ್ಜಿ ಹಾಲುಸಕ್ಕರೆ ಕುದಿಸಿ ಮಂದ ಮಾಡುತ್ತಿದ್ದ ಮರದ ಸೌಟಿದೆ,
ಅದರ ಬೆನ್ನಿನಿಂದ ಕಾಗದ ಉಜ್ಜುತ್ತೇನೆ
ಅಂಗುಲ ಅಂಗುಲ,
ಹಾಲು ತಳ ಹಿಡಿಯದಂತೆ ತಿರುವುವವಳ ಹಾಗೆ.

ಉಗುರಿನ ಒಂದಂಚು ನೇರಳೆ, ಇನ್ನೊಂದಂಚು ಕಪ್ಪು.
ಯಾವುದು ಸಂಬಳದ್ದು, ಯಾವುದು ನನ್ನದು,
ಸಾಬೂನಿಗೆ ಗೊತ್ತಿಲ್ಲ.

ಎರಡು ದೋಣಿಗೆ ಕಾಲಿಟ್ಟವಳು ನೀನು, ಎನ್ನುತ್ತಾಳೆ ಅಕ್ಕ ಇರ್ಮಾ.
ನಮ್ಮ ಹೊಳೆಗೆ ಎರಡು ದಡ, ಎರಡು ದೇಶ.
ಆಚೆಯವರು ಬೆಳಿಗ್ಗೆ ಸೇತುವೆ ದಾಟಿ ಬಂದು
ಸಂಜೆ ಮರಳಿ ಹೋಗುತ್ತಾರೆ.
ಅವರನ್ನು ಯಾರೂ ಬೈಯುವುದಿಲ್ಲ.

ಕಾರ್ಖಾನೆಯ ಡಾಕ್ಟರು ಮಣಿಕಟ್ಟು ಒತ್ತಿ ಕೇಳಿದರು:
ಮನೆಯಲ್ಲಿ ಈ ಕೈಯಿಂದ ಏನು ಮಾಡುತ್ತೀರಿ?
ಏನೂ ಇಲ್ಲ, ಎಂದೆ.
ನನ್ನ ಸುಳ್ಳುಗಳಲ್ಲೆಲ್ಲ ಅದೇ ನಾಚಿಕೆಗೇಡಿನದು.

ಮೂಳೆ ಬಿಡಿಸುವ ಸಾಲಿನಲ್ಲಿ ವಾಷಿಂಗ್ಟನ್ ಪಿರಿಸ್ ಇದ್ದಾನೆ.
ಹೆಸರು ದೊಡ್ಡದು;
ಮಾಂಟೆವಿಡಿಯೊವನ್ನೇ ಎರಡು ಸಲ ನೋಡಿದವನು.
ಇಡೀ ಕಸಾಯಿಖಾನೆಯಲ್ಲಿ ಅವನ ಹಾಗೆ ಮಸೆಯುವವರಿಲ್ಲ.
ಒಂಬತ್ತರ ಬಿಡುವಿನಲ್ಲಿ ನನ್ನ ಉಳಿಗಳನ್ನು
ಹಳೆಯ ಕಾಲುಚೀಲದಲ್ಲಿ ಸುತ್ತಿ ಒಯ್ಯುತ್ತೇನೆ.
ಕಿರಿಯ ಉಳಿಯ ಒಳಬಾಗಿಗೂ ಕಲ್ಲು ತಾಗಿಸಿ,
ಹೆಬ್ಬೆರಳ ಉಗುರಿನ ಮೇಲೆ ಅಲಗಿಟ್ಟು ನೋಡಿ ಕೊಡುತ್ತಾನೆ.
ಇದರಿಂದ ಏನು ಕೊಯ್ಯುತ್ತೀ ಎಂದು
ನಾಲ್ಕು ವರ್ಷದಲ್ಲಿ ಕೇಳಿಲ್ಲ.
ಮಸೆ ಅವನದು, ಮಸಿ ನನ್ನದು,
ನಡುವೆ ಅಷ್ಟೇನೂ ಮಾತಿಲ್ಲ.

ಈ ಜುಲೈಯಲ್ಲಿ ಅವನನ್ನೇ ಕೆತ್ತಿದೆ. ಹನ್ನೊಂದು ರಾತ್ರಿ.
ಮಸೆಗಲ್ಲು, ಬಾಗಿದ ಕತ್ತು, ತುದಿ ಕಳೆದುಕೊಂಡ ಕಿರುಬೆರಳು.
ಹತ್ತು ಪ್ರತಿ ತೆಗೆದೆ;
ಎರಡು ಮಸಿ ಹೆಚ್ಚಾಗಿ ಕೆಟ್ಟವು,
ಒಂದರ ಮೇಲೆ ಬೆಕ್ಕು ನಡೆಯಿತು.
ಉಳಿದ ಏಳರಲ್ಲಿ ಒಳ್ಳೆಯದನ್ನು
(ನಿಜ ಹೇಳಬೇಕೆಂದರೆ, ಎರಡನೆಯ ಒಳ್ಳೆಯದನ್ನು)
ಸುರುಳಿ ಸುತ್ತಿ ಒಯ್ದುಕೊಟ್ಟೆ.

ಅವನು ಕೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.
ಬಹಳ ಹೊತ್ತು ನೋಡಿ ಹೇಳಿದ:
ನಾನು ಎಡಚನಲ್ಲ, ನೆಲ್ವಾ.

ಅಕ್ಷರವನ್ನು ತಿರುಗುಮುರುಗು ಕೆತ್ತಲು
ನಿದ್ದೆಯಲ್ಲೂ ಮರೆಯದವಳು
ಮನುಷ್ಯನನ್ನು ಇದ್ದ ಹಾಗೆಯೇ ಕೆತ್ತಿಬಿಟ್ಟಿದ್ದೆ.
ಕಾಗದ ತನ್ನ ಪಾಡಿಗೆ ಅವನನ್ನು ತಿರುಗಿಸಿಕೊಂಡಿತ್ತು.
ಬೇರೆ ಮಾಡಿಕೊಡುತ್ತೇನೆ, ಎಂದೆ.
ಇನ್ನು ಹನ್ನೊಂದು ರಾತ್ರಿ ಎಲ್ಲಿಂದ ತರಲಿ ಎಂದು
ಒಳಗೊಳಗೆ ಲೆಕ್ಕ ಹಾಕುತ್ತಲೇ.
ಬೇಡ, ಎಂದ.
ಲಾಕರಿನ ಬಾಗಿಲ ಒಳಬದಿಗೆ ಅಂಟಿಸಿದ,
ಎರಡು ಫುಟ್‌ಬಾಲ್ ತಂಡಗಳ ನಡುವೆ.

ಮರುದಿನ ಒಂಬತ್ತಕ್ಕೆ ನಾನು ಹೋದಾಗ
ಯಾರೂ ನೋಡುತ್ತಿಲ್ಲವೆಂದುಕೊಂಡು
ವಾಷಿಂಗ್ಟನ್ ಚೂರಿಯನ್ನು ಎಡಗೈಗೆ ಬದಲಿಸಿ,
ನಾಲಗೆಯ ತುದಿ ಹೊರಗೆ ಬಿಟ್ಟು,
ಮೊದಲ ಸಲ ಅಕ್ಷರ ತಿದ್ದುವ ಹುಡುಗನ ಹಾಗೆ
ಕಲ್ಲಿನ ಮೇಲೆ ಎಳೆದು ನೋಡುತ್ತಿದ್ದ.